ಎರಡೇ ವರ್ಷ ಅಂತ ಹೋದವರಿಗೆ: ಗಲ್ಫ್‌ನಲ್ಲಿ ದೇವರ ಕೈ ಬಿಡದೆ ಬದುಕುವುದು ಹೇಗೆ

ಕುವೈತಿಗೆ ಹೊರಡುವಾಗ ಅಮ್ಮನಿಗೆ ಹೇಳಿದ್ದೆ, "ಎರಡೇ ವರ್ಷ ಅಮ್ಮ, ಸಾಲ ತೀರಿಸಿ ಬಂದುಬಿಡ್ತೇನೆ." ಅದು 2011. ಕೊನೆಯ ಸಲ ಪೆಟ್ಟಿಗೆ ಕಟ್ಟಿ ಊರಿಗೆ ಬಂದದ್ದು 2023ರಲ್ಲಿ. ನಡುವೆ ಒಂದು ವರ್ಷ ಊರಲ್ಲಿದ್ದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ನಮ್ಮ ಸಭೆಯ (ಅಂದರೆ ಚರ್ಚಿನ) ಹುಡುಗರು ಗಲ್ಫ್‌ಗೆ ಹೊರಡುವ ಮುಂಚೆ ಮನೆಗೆ ಬಂದು ಹೋಗುತ್ತಾರೆ. ಉಪ್ಪಿನಕಾಯಿ ಬಿಡ್ತಾರಾ, ಎಷ್ಟು ಕಿಲೋ ಒಯ್ಯಬಹುದು, ಚಳಿಗೆ ಸ್ವೆಟರ್ ಬೇಕಾ ಅಂತೆಲ್ಲ ಕೇಳುತ್ತಾರೆ. (ಬೇಕು. ಜನವರಿಯ ರಾತ್ರಿ ಕುವೈತಿನಲ್ಲಿ ನಡುಗುತ್ತೀರಿ.) ನಂಬಿಕೆಯ ವಿಷಯ ಯಾರೂ ಕೇಳುವುದಿಲ್ಲ. ಅದು ತಾನಾಗಿ ಇರುತ್ತದೆ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಊರಲ್ಲಿ ಅಪ್ಪನ ಪ್ರಾರ್ಥನೆ, ಭಾನುವಾರದ ಗಂಟೆ, ಸಭೆಯ ಅಯ್ಯನವರ (ಪಾದ್ರಿಗಳ) ಮನೆಭೇಟಿ ಎಲ್ಲ ಸೇರಿ ನನ್ನನ್ನು ಹಿಡಿದಿದ್ದವು. ಅಲ್ಲಿ ಅವು ಒಂದೂ ಇಲ್ಲ.

ನಾನು ಉಡುಪಿ ಕಡೆಯವನು, ಬಾಸೆಲ್ ಮಿಷನ್ ಸಭೆಯಲ್ಲಿ ಬೆಳೆದವನು. ಹಾಗಾಗಿ ಇಲ್ಲಿರುವುದು ಕ್ರೈಸ್ತನೊಬ್ಬನ ಅನುಭವ. ಬೇರೆ ಧರ್ಮದವರಿಗೂ ಅರ್ಧಕ್ಕರ್ಧ ಹೊಂದಬಹುದು.

1. ಮೊದಲು "ಎರಡೇ ವರ್ಷ"ದ ಲೆಕ್ಕ ಬಿಡಿ

ವಿಮಾನ ಹತ್ತುವ ಮುಂಚೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಪ್ರವಾದಿ ಯೆರೆಮೀಯನ 28, 29ನೇ ಅಧ್ಯಾಯ ಓದಿ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಜನರನ್ನು ಸೆರೆಹಿಡಿದುಕೊಂಡು ಹೋಗಿದ್ದ ಕಾಲ ಅದು. ಹನನ್ಯ ಅನ್ನುವ ಪ್ರವಾದಿ ಎಲ್ಲರ ಎದುರು ನಿಂತು, ಎರಡು ವರ್ಷದೊಳಗೆ ಹೋದವರೆಲ್ಲ ವಾಪಸ್ ಬರುತ್ತಾರೆ ಅಂದ. ಜನಕ್ಕೆ ಬೇಕಾಗಿದ್ದೂ ಅದೇ ಮಾತು. ಯೆರೆಮೀಯ ಮಾತ್ರ, ಅದು ಸುಳ್ಳು, 70 ವರ್ಷ ಆಗುತ್ತದೆ ಅಂದ. ಆಮೇಲೆ ಸೆರೆಹೋದವರಿಗೆ ಒಂದು ಕಾಗದ ಬರೆದ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಊರಿಗಾಗಿ ಪ್ರಾರ್ಥಿಸಿ, ಆ ಊರು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಅನ್ನುವುದು ಅದರ ಸಾರ.

ನಮ್ಮ ಕಾಂಟ್ರ್ಯಾಕ್ಟೂ ಸರಿಯಾಗಿ ಎರಡು ವರ್ಷದ್ದೇ! ಕುವೈತಿನಲ್ಲಿ ಕೂತು ಈ ಭಾಗ ಓದಿದಾಗ ನನಗೆ ನಗು ಬಂದಿತ್ತು. ಆಮೇಲೆ ನಗು ನಿಂತಿತು. ಎರಡೇ ವರ್ಷ ಅಂದುಕೊಂಡವನು ಎಲ್ಲವನ್ನೂ ಮುಂದಕ್ಕೆ ಹಾಕುತ್ತಾನೆ. ಪ್ರಾರ್ಥನೆ ಊರಿಗೆ ಹೋದ ಮೇಲೆ. ಸಭೆ ಊರಿಗೆ ಹೋದ ಮೇಲೆ. ಇಲ್ಲಿ ಸುಮ್ನೆ ದುಡಿಯುವುದು, ತಿನ್ನುವುದು, ಮಲಗುವುದು. ನಾನು ಮೊದಲ ಹದಿನಾಲ್ಕು ತಿಂಗಳು ಹೀಗೇ ಕಳೆದೆ. ದೇವರನ್ನು ಉಡುಪಿಯಲ್ಲಿ ಬಿಟ್ಟು ಬಂದ ಹಾಗಿತ್ತು.

ಹಾಗಾಗಿ ಇಳಿದ ಮೊದಲ ವಾರವೇ ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ಅಲ್ಲಿನ ಐದು ಹೆಸರು ಬರೆಯಿರಿ. ಸೂಪರ್‌ವೈಸರ್, ಕಂಪನಿ ಬಸ್ಸಿನ ಡ್ರೈವರ್, ಪಕ್ಕದ ಮಂಚದವನು, ಕುಬ್ಬೂಸ್ (ಅರಬ್ಬಿ ರೊಟ್ಟಿ) ಮಾರುವವನು, ಯಾರಾದರೂ ಸರಿ. ದಿನಾ ಅವರಿಗಾಗಿ ಪ್ರಾರ್ಥಿಸಿ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಅಲ್ಲಿ ನಮ್ಮಂಥವರನ್ನೆಲ್ಲ "ರಫೀಕ್", "ಸದೀಕ್" ಅಂತಲೇ ಕರೆಯುವುದು, ಎರಡಕ್ಕೂ ಗೆಳೆಯ ಅಂತ ಅರ್ಥ. ನಿಜವಾದ ಹೆಸರು ಕೇಳಿದವನನ್ನು ಜನ ಮರೆಯುವುದಿಲ್ಲ.

2. ಕಾಗದಪತ್ರದಲ್ಲಿ ಸುಳ್ಳು ಬೇಡ

ಇದನ್ನು ಯಾರೂ ಭಕ್ತಿಯ ಪಟ್ಟಿಗೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ಇಲ್ಲದ ಅನುಭವಕ್ಕೆ ಸರ್ಟಿಫಿಕೇಟ್ ಮಾಡಿಸಿ, ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿ, ಆಮೇಲೆ "ಕರ್ತನೇ ಕಾಪಾಡು" ಅಂದರೆ ಬಾಯಿಗೇ ಪ್ರಾರ್ಥನೆ ಬರುವುದಿಲ್ಲ. ಪೊಲೀಸ್ ಜೀಪು ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ.

ನಮ್ಮ ಸರ್ಕಾರದ ನಿಯಮದ ಪ್ರಕಾರ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಾಸ್ತಿ ಅಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎರಡು ಲಕ್ಷ ಕೇಳಿದರೆ ಎದ್ದು ಬನ್ನಿ. ಏಜೆಂಟಿಗೆ ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ಇಸಿಆರ್ ಪಾಸ್‌ಪೋರ್ಟ್ (ಕೆಲಸಕ್ಕೆ ಹೊರಡುವ ಮುಂಚೆ ಸರ್ಕಾರದ ವಲಸೆ ಅನುಮತಿ ಬೇಕಾದದ್ದು) ಇರುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಪಾಲಿಸಿಯ ಪ್ರತಿಯನ್ನು ಅಮ್ಮನ ಹತ್ತಿರವೋ ಹೆಂಡತಿಯ ಹತ್ತಿರವೋ ಇಟ್ಟು ಹೋಗಿ. ಹಾಗೆ ಮಾಡಿದರೆ ದೇವರ ಮೇಲೆ ನಂಬಿಕೆ ಕಡಿಮೆ ಅಂತ ಅರ್ಥವಲ್ಲ.

3. ಪ್ರಾರ್ಥನೆಗೆ ಒಂದು ಜಾಗ, ಒಂದು ಹೊತ್ತು ಹಿಡಿಯಿರಿ

ಸತ್ಯವೇದದ ದಾನಿಯೇಲ ಅಂದಕೂಡಲೇ ನಮಗೆ ನೆನಪಾಗುವುದು ಸಿಂಹದ ಗವಿ. ಸಂಡೇ ಸ್ಕೂಲಿನಲ್ಲಿ ಚಿತ್ರ ಬಿಡಿಸಿದ್ದೇವಲ್ಲ. ನನಗೆ ಈಗ ಅದಕ್ಕಿಂತ ಇಷ್ಟ, ಗವಿಗೆ ಹೋಗುವ ಮುಂಚಿನ ಒಂದು ಸಣ್ಣ ಮಾತು. ಅರಸನಿಗೆ ಬಿಟ್ಟು ಬೇರೆ ಯಾರಿಗೂ ಬಿನ್ನಹ ಮಾಡಬಾರದು, ಮಾಡಿದವನನ್ನು ಸಿಂಹದ ಗವಿಗೆ ಹಾಕಬೇಕು ಅಂತ ಆಜ್ಞೆ ಹೊರಟಿದೆ. ದಾನಿಯೇಲ ಮನೆಗೆ ಹೋಗುತ್ತಾನೆ, ಯೆರೂಸಲೇಮಿನ ಕಡೆಯ ಕಿಟಕಿ ತೆರೆದೇ ಇದೆ, ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸುತ್ತಾನೆ. ಯಥಾಪ್ರಕಾರ, ಮುಂಚೆ ಮಾಡುತ್ತಿದ್ದ ಹಾಗೆಯೇ. ಆಗ ಅವನಿಗೆ ಸಾಕಷ್ಟು ವಯಸ್ಸಾಗಿತ್ತು. ಹುಡುಗನಾಗಿ ಬಾಬೆಲಿಗೆ ಬಂದವನು, ಒಬ್ಬರ ಹಿಂದೆ ಒಬ್ಬರು ಅರಸರನ್ನು ಕಂಡವನು. ಸಿಂಹದ ಭಯಕ್ಕೆ ಅವನು ಪ್ರಾರ್ಥನೆ ಶುರು ಮಾಡಲಿಲ್ಲ. ಎಷ್ಟೋ ವರ್ಷದ ರೂಢಿ ಅವನನ್ನು ಅವತ್ತೂ ಮೊಣಕಾಲ ಮೇಲೆ ಕೂರಿಸಿತು.

ಕಷ್ಟ ಬಂದ ದಿನ ಹೊಸ ರೂಢಿ ಕಟ್ಟಲು ಆಗುವುದಿಲ್ಲ. ನನ್ನ ಅನುಭವದಲ್ಲಿ ಇಡೀ ಗುಟ್ಟು ಇಷ್ಟೇ.

ಆದರೆ ಒಂದು ರೂಮಿನಲ್ಲಿ ಆರು ಜನ, ಎರಡೆರಡು ಅಂತಸ್ತಿನ ಮಂಚ, ಬಾತ್‌ರೂಮಿಗೆ ಕ್ಯೂ. ದಾನಿಯೇಲನಿಗೆ ಮಾಳಿಗೆ ಇತ್ತು, ನಮಗೆಲ್ಲಿ? ಕುವೈತಿನ ಮಹಬೂಲಾದಲ್ಲಿ ನನಗೆ ಕೆಳಗಿನ ಮಂಚ ಸಿಕ್ಕಿತ್ತು. ಮೇಲಿನ ಮಂಚದ ಪಟ್ಟಿಗೆ ಲುಂಗಿ ಕಟ್ಟಿ ಪರದೆ ಮಾಡಿದೆ. ಅದೇ ನನ್ನ ಮಾಳಿಗೆ. ನಿಮಗೆ ಅದೂ ಸಿಗದಿದ್ದರೆ ಟೆರೇಸಿನ ಮೆಟ್ಟಿಲು, ನಿಂತ ಕಂಪನಿ ಬಸ್ಸಿನ ಹಿಂದಿನ ಸೀಟು, ಸೈಟಿನ ಸ್ಟೋರ್ ರೂಮು. ಎಲ್ಲೇ ಆಗಲಿ, ದಿನಾ ಅದೇ ಜಾಗ ಇರಲಿ.

ಹೊತ್ತಿನ ವಿಷಯ. ಗಂಟೆಗಟ್ಟಲೆ ಅಂತ ಹರಕೆ ಹೊರಬೇಡಿ, ನಾಲ್ಕೇ ದಿನಕ್ಕೆ ಬಿಟ್ಟುಹೋಗುತ್ತದೆ. ನಾನು ಇಟ್ಟುಕೊಂಡದ್ದು ಹತ್ತು ನಿಮಿಷ. ಒಂದು ಕೀರ್ತನೆ ಓದುವುದು, ಚೀಟಿಯ ಹೆಸರುಗಳು, ಮನೆಯವರ ಹೆಸರುಗಳು, ಕರ್ತನ ಪ್ರಾರ್ಥನೆ. ಮುಗಿಯಿತು. ಶಿಫ್ಟ್ ಬದಲಾಗುವವರು ಗಡಿಯಾರ ನೋಡಬೇಡಿ, "ಎದ್ದು ಮುಖ ತೊಳೆದ ಕೂಡಲೇ" ಅಂತ ಗೊತ್ತು ಮಾಡಿ. ಫೋನಿನಲ್ಲಿ ಓದುವುದಕ್ಕಿಂತ ಅಂಗೈ ಅಗಲದ ಕನ್ನಡ ಸತ್ಯವೇದ ಒಳ್ಳೆಯದು. ಫೋನ್ ತೆರೆದರೆ ಮೊದಲು ಕಾಣುವುದು ವಾಟ್ಸಾಪ್. ತುಟಿ ಅಲ್ಲಾಡಿಸಿಯಾದರೂ ನಿಮ್ಮ ಭಾಷೆಯಲ್ಲೇ ಹೇಳಿ. ಇಡೀ ದಿನ ಮುರುಕು ಹಿಂದಿ, ಮುರುಕು ಅರಬ್ಬಿ ಆಡಿ ಬಂದವನಿಗೆ ಆ ಹತ್ತು ನಿಮಿಷದ ಕನ್ನಡ, ತುಳು ಅಥವಾ ಕೊಂಕಣಿ ಎಷ್ಟು ತಂಪು ಗೊತ್ತಾ?

ನನಗೆ ಈ ಶಿಸ್ತು ಕಲಿಸಿದವನು ನಮ್ಮ ಸಭೆಯವನಲ್ಲ, ಎದುರು ಮಂಚದ ಭಟ್ಕಳದ ಹುಡುಗ. ರಾತ್ರಿ ಹನ್ನೆರಡಕ್ಕೆ ಮಲಗಿದರೂ ಫಜ್ರ್ ಬಾಂಗಿಗೆ, ಅಂದರೆ ನಸುಕಿನ ನಮಾಜಿನ ಕರೆಗೆ, ಏಳುತ್ತಿದ್ದ. ಯಾರನ್ನೂ ಎಬ್ಬಿಸದೆ ನಮಾಜು ಮುಗಿಸುತ್ತಿದ್ದ. ಒಂದು ದಿನ ನನ್ನ ಚೀಲದಲ್ಲಿ ಸತ್ಯವೇದ ನೋಡಿ, "ಅಣ್ಣಾ, ನೀವು ಯಾವಾಗ ಓದೋದು?" ಅಂದ. ಗೇಲಿಯಲ್ಲ, ಸುಮ್ನೆ ಕೇಳಿದ್ದು. ನಾಚಿಕೆಯಾಯಿತು. ಮಾರನೇ ದಿನದಿಂದ ಅವನು ಎದ್ದಾಗ ನಾನೂ ಎದ್ದೆ.

ವಾರಕ್ಕೊಮ್ಮೆ ಮನೆಯವರ ಜೊತೆ ಕುಟುಂಬ ಪ್ರಾರ್ಥನೆ ಇಟ್ಟುಕೊಳ್ಳಿ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಊರಿನ ರಾತ್ರಿ ಎಂಟೂವರೆ ಅಂದರೆ ಅಲ್ಲಿ ಸಂಜೆ ಆರು. ದುಬೈಯವರಿಗೆ ವ್ಯತ್ಯಾಸ ಒಂದೂವರೆ ಗಂಟೆ, ಆದರೆ ಅಲ್ಲಿ ವಾಟ್ಸಾಪ್ ಕಾಲ್ ನಡೆಯುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಬೇಕು. ಮೊದಲು ಹಾಡು, ಓದು, ಪ್ರಾರ್ಥನೆ. ದುಡ್ಡಿನ ಮಾತು ಆಮೇಲೆ. ಈ ಕ್ರಮ ತಪ್ಪಿದರೆ ಪ್ರಾರ್ಥನೆಯ ತನಕ ಹೋಗುವುದೇ ಇಲ್ಲ.

4. ಸಭೆ ಹುಡುಕಿ, ಶುಕ್ರವಾರ ಹೋಗಿ

ಕುವೈತಿನಲ್ಲಿ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಚರ್ಚುಗಳು ತುಂಬುವುದು ಶುಕ್ರವಾರ. ಕುವೈತ್ ಸಿಟಿಯ ನ್ಯಾಷನಲ್ ಇವಾಂಜೆಲಿಕಲ್ ಚರ್ಚಿನ ಕಾಂಪೌಂಡಿಗೆ ಒಮ್ಮೆ ಹೋಗಿ ನೋಡಿ. ಅಮೆರಿಕನ್ ಮಿಷನರಿಗಳ ಕಾಲದಿಂದ ಬಂದ ಜಾಗ. ಒಂದು ಹಾಲಿನಲ್ಲಿ ಅರಬ್ಬಿ, ಪಕ್ಕದಲ್ಲಿ ಮಲಯಾಳಂ, ಅದರಾಚೆ ತಮಿಳು, ತೆಲುಗು, ಫಿಲಿಪಿನೋದವರ ಗಿಟಾರ್. ಒಂದರ ಹಾಡು ಇನ್ನೊಂದರ ಪ್ರಸಂಗಕ್ಕೆ ಕೇಳಿಸುತ್ತದೆ. ಕಥೋಲಿಕರಿಗೆ ಸಿಟಿಯಲ್ಲಿ ಹೋಲಿ ಫ್ಯಾಮಿಲಿ ಕಥೀಡ್ರಲ್ ಇದೆ, ಅಹ್ಮದಿಯಲ್ಲಿ ಅವರ್ ಲೇಡಿ ಆಫ್ ಅರೇಬಿಯಾ ಇದೆ. ಮಂಗಳೂರಿನವರು ಅಲ್ಲಿ ಸಿಕ್ಕೇ ಸಿಗುತ್ತಾರೆ.

ಬಹರೈನ್, ಕತಾರ್, ಓಮನ್‌ನಲ್ಲೂ ಚರ್ಚುಗಳಿವೆ. ದುಬೈಯ ಊದ್ ಮೇತಾದ ಸೇಂಟ್ ಮೇರೀಸ್ ದೊಡ್ಡದು. 2022ರ ಜನವರಿಯಿಂದ ಯುಎಇ ಸರ್ಕಾರ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಾಯಿಸಿತು, ಆದ್ದರಿಂದ ಅಲ್ಲಿ ಆರಾಧನೆಯ ಹೊತ್ತನ್ನು ವಿಚಾರಿಸಿಕೊಂಡೇ ಹೋಗಿ. ಸೌದಿಯಲ್ಲಿ ಚರ್ಚ್ ಇಲ್ಲ, ಬೇರೆ ಧರ್ಮದವರ ಬಹಿರಂಗ ಆರಾಧನೆಗೆ ಅವಕಾಶವಿಲ್ಲ. ಅಲ್ಲಿಗೆ ಹೋಗುವವರಿಗೆ ಮೇಲಿನ ಮೂರನೇ ಹೆಜ್ಜೆಯೇ ಚರ್ಚು.

ಒಂದು ಎಚ್ಚರಿಕೆ. ಕಷ್ಟದಲ್ಲಿರುವ ಗಲ್ಫ್ ಹುಡುಗರನ್ನೇ ಹುಡುಕಿ ಬರುವ "ಪ್ರವಾದಿ"ಗಳಿದ್ದಾರೆ. ಫೋನಿನಲ್ಲೇ ಪ್ರವಾದನೆ, ಆಮೇಲೆ "ನಂಬಿಕೆಯ ಬೀಜ" ಅಂತ 20 ದಿನಾರ್ ಕಳಿಸು. ಹನನ್ಯನ ಮೊಮ್ಮಕ್ಕಳು ಇವರು. ಕೊಡಬೇಕು ಅನಿಸಿದರೆ ನೀವು ಹೋಗುವ ಸಭೆಗೆ ಕೊಡಿ, ಇಲ್ಲವೇ ಸಂಬಳ ಸಿಗದ ಪಕ್ಕದ ರೂಮಿನವನ ಊಟಕ್ಕೆ ಕೊಡಿ.

5. ಆ ದೇಶದ ಕಾನೂನಿಗೆ ಮರ್ಯಾದೆ ಕೊಡಿ

ಉದ್ದ ಹೇಳುವುದಿಲ್ಲ. ಮುಸ್ಲಿಮರಿಗೆ ಬೇರೆ ಧರ್ಮ ಪ್ರಚಾರ ಮಾಡುವುದು ಅಲ್ಲಿ ಅಪರಾಧ. ಕರಪತ್ರ ಹಂಚುವ ಸಾಹಸ ಬೇಡ, ನಿಮ್ಮ ಜೊತೆ ರೂಮಿನವರೂ ಸಿಕ್ಕಿಬೀಳುತ್ತಾರೆ. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ನೀರು ಕುಡಿದರೂ ಕುವೈತಿನಲ್ಲಿ 100 ದಿನಾರ್ ತನಕ ದಂಡ, ಒಂದು ತಿಂಗಳ ತನಕ ಜೈಲು ಆಗಬಹುದು. ಕಾನೂನು ಇಲ್ಲದಿದ್ದರೂ ಉಪವಾಸ ಇರುವವನ ಎದುರು ಗಟಗಟ ಕುಡಿಯುವುದು ಸಣ್ಣತನ, ಅಲ್ವಾ?

6. ಬೇಡ ಅನ್ನುವುದನ್ನು ಜಗಳವಿಲ್ಲದೆ ಕಲಿಯಿರಿ

ಕುವೈತಿನಲ್ಲಿ ಮದ್ಯಕ್ಕೆ ಪೂರ್ತಿ ನಿಷೇಧ. ಆದರೂ ರೂಮುಗಳಲ್ಲಿ ಕಾಯಿಸಿ ಮಾರುವವರಿದ್ದಾರೆ. ಅದು ಕುಡಿದು ಕಣ್ಣು ಕಳೆದುಕೊಂಡವರ ಕತೆ ಅಲ್ಲಿ ಎಲ್ಲರಿಗೂ ಗೊತ್ತು. ಸೈಟಿನಿಂದ ಕೇಬಲ್ ತುಂಡು ಹೊರಗೆ ಸಾಗಿಸುವುದು, ಓವರ್‌ಟೈಮ್ ಶೀಟಿನಲ್ಲಿ ಎರಡು ಗಂಟೆ ಸೇರಿಸುವುದು, ಇವೂ ಇವೆ. ಒಂಟಿ ಮನುಷ್ಯನಿಗೆ, ಯಾರೂ ನೋಡದ ಜಾಗದಲ್ಲಿ, ಬೇಡ ಅನ್ನುವುದು ಸುಲಭವಲ್ಲ.

ದಾನಿಯೇಲ ಅರಮನೆಯ ಊಟ ಬೇಡ ಅಂದ ರೀತಿ ನೋಡಿ. ತಟ್ಟೆ ಎಸೆಯಲಿಲ್ಲ, ಭಾಷಣ ಬಿಗಿಯಲಿಲ್ಲ. ಅವರು ಅವನ ಹೆಸರನ್ನೇ ಬದಲಾಯಿಸಿ ಬೇಲ್ತೆಶಚ್ಚರ ಅಂತ ಇಟ್ಟಾಗ ಅವನು ಜಗಳ ತೆಗೆದ ಅಂತ ಎಲ್ಲೂ ಇಲ್ಲ. ಊಟದ ವಿಷಯಕ್ಕೆ ಮಾತ್ರ ಗಟ್ಟಿ ನಿಂತ. ಅದೂ ಮೇಲಧಿಕಾರಿಯನ್ನು ವಿನಯದಿಂದ ಕೇಳಿಕೊಂಡ. ಅವನಿಗೆ ಅರಸನ ಭಯ ಅಂತ ಗೊತ್ತಾದಾಗ ಕೆಳಗಿನ ಮೇಲ್ವಿಚಾರಕನ ಹತ್ತಿರ ಹೋಗಿ, ಹತ್ತು ದಿನ ಕಾಯಿಪಲ್ಲೆ, ನೀರು ಕೊಟ್ಟು ನೋಡಿ ಅಂದ. ಯಾವುದಕ್ಕೆ ಹಟ ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಅವನು ಮೊದಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ. ನೀವೂ ಮಾಡಿಕೊಳ್ಳಿ, ಬಾಟಲಿ ಎದುರಿಗೆ ಬಂದ ಮೇಲೆ ಅಲ್ಲ.

7. ಸಂಬಳ ನಿಂತಾಗ, ಸಾವಿನ ಸುದ್ದಿ ಬಂದಾಗ

2016ರ ಕೊನೆಯಲ್ಲಿ ನಮ್ಮ ಕಂಪನಿ ಸಂಬಳ ನಿಲ್ಲಿಸಿತು. ಮೊದಲು "ಮುಂದಿನ ವಾರ", ಆಮೇಲೆ "ಮುಂದಿನ ತಿಂಗಳು". 2017ರ ಜನವರಿಯಲ್ಲಿ ನನ್ನ ಇಕಾಮಾ (ಅಲ್ಲಿ ಉಳಿಯುವ ಪರವಾನಗಿ) ಮುಗಿಯಿತು, ಕಂಪನಿ ನವೀಕರಿಸಲಿಲ್ಲ. ಆಗ ಇಕಾಮಾ ಇಲ್ಲದೆ ಉಳಿದರೆ ದಿನಕ್ಕೆ 2 ದಿನಾರ್ ದಂಡ, ಜಾಸ್ತಿ ಅಂದರೆ 600. ದಂಡ ಕಟ್ಟದೆ ದೇಶ ಬಿಡುವ ಹಾಗಿಲ್ಲ. ನವೆಂಬರ್ ಹೊತ್ತಿಗೆ ನನ್ನ ತಲೆಯ ಮೇಲೆ ಪೂರಾ 600 ಕೂತಿತ್ತು, ಅಂದರೆ ಸುಮಾರು ಸವಾ ಲಕ್ಷ ರೂಪಾಯಿ. ಕಿಸೆಯಲ್ಲಿ ನಾಲ್ಕು ದಿನಾರ್ ಇತ್ತು.

ಆ ತಿಂಗಳಲ್ಲೇ ಅಪ್ಪ ತೀರಿಕೊಂಡರು.

ಊರಲ್ಲಿ ಮಣ್ಣು ಸಂಜೆ ನಾಲ್ಕಕ್ಕೆ. ಕುವೈತಿನಲ್ಲಿ ಒಂದೂವರೆ. ಲುಂಗಿಯ ಪರದೆಯೊಳಗೆ ಕೂತು ಫೋನಿನಲ್ಲಿ ನೋಡಿದೆ. ನೆಟ್ ಎರಡು ಸಲ ಕಡಿಯಿತು. ಪೆಟ್ಟಿಗೆ ಇಳಿಸುವುದು ನನಗೆ ಕಾಣಲಿಲ್ಲ.

ಅವತ್ತಿನಿಂದ ಸುಮಾರು ಎರಡು ತಿಂಗಳು ನನಗೆ ಹಾಡಲು ಆಗಲಿಲ್ಲ. ಸಭೆಗೆ ಹೋದರೂ ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. 137ನೇ ಕೀರ್ತನೆಯಲ್ಲಿ ಬಾಬೆಲಿನ ಸೆರೆಯವರು ನದಿಯ ದಡದ ಮರಗಳಿಗೆ ಕಿನ್ನರಿ ತೂಗುಹಾಕಿ ಅಳುತ್ತಾ ಕೂತಿದ್ದರಲ್ಲ, ಹಾಗೆ. ಒಬ್ಬ ಹಿರಿಯರು "ಸ್ತೋತ್ರ ಮಾಡು, ಎಲ್ಲ ಒಳ್ಳೆಯದಕ್ಕೇ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನನಗೆ ಅವರನ್ನು ಹೊಡೆಯಬೇಕು ಅನಿಸಿತು.

ಈ ಹಂತದಲ್ಲಿರುವವರಿಗೆ ನಾನು ಹೇಳುವುದು ಹೀಗೆ. ಸಂತೋಷದ ಸೋಗು ಹಾಕಬೇಡಿ. 88ನೇ ಕೀರ್ತನೆ ಓದಿ, ಗಟ್ಟಿಯಾಗಿ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲೂ ಸಮಾಧಾನದ ಮಾತಿಲ್ಲ. ಆದರೂ ಸತ್ಯವೇದದಲ್ಲಿ ಜಾಗ ಪಡೆದಿದೆ. ದೇವರ ಹತ್ತಿರ ಸಿಟ್ಟು ಮಾಡಿಕೊಂಡವನು ಇನ್ನೂ ದೇವರ ಹತ್ತಿರವೇ ಮಾತಾಡುತ್ತಿದ್ದಾನೆ. ಹತ್ತು ನಿಮಿಷದ ಆ ಹೊತ್ತನ್ನು ಮಾತ್ರ ಬಿಡಬೇಡಿ. ಪ್ರಾರ್ಥನೆ ಬಾರದಿದ್ದರೆ ಆ ಜಾಗದಲ್ಲಿ ಸುಮ್ನೆ ಕೂತು ಏಳಿ. ನಾನು ಎಷ್ಟೋ ದಿನ ಅಷ್ಟೇ ಮಾಡಿದ್ದು. ಬದುಕೇ ಬೇಡ ಅನಿಸಿದರೆ ಅದನ್ನು ದೇವರೊಬ್ಬನಿಗೇ ಹೇಳಿ ಸುಮ್ಮನಾಗಬೇಡಿ. ಆ ರಾತ್ರಿಯೇ ರೂಮಿನವನೊಬ್ಬನನ್ನು ಎಬ್ಬಿಸಿ ಹೇಳಿ, ಒಬ್ಬರೇ ಇರಬೇಡಿ, ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಿ.

ಪ್ರಾರ್ಥನೆಯ ಜೊತೆಗೆ ಕಾಲೂ ನಡೆಯಲಿ. ಸತ್ಯವೇದದ ಯೋಸೇಫ ಐಗುಪ್ತದ ಸೆರೆಮನೆಯಲ್ಲಿ ಅರಸನ ಪಾನದಾಯಕನಿಗೆ, ನೀನು ಬಿಡುಗಡೆಯಾದ ಮೇಲೆ ಅರಸ ಫರೋಹನ ಹತ್ತಿರ ನನ್ನ ವಿಷಯ ಹೇಳು ಅಂತ ಬೇಡಿಕೊಂಡ. ದೇವರ ಮೇಲೆ ನಂಬಿಕೆ ಇದ್ದವನೇ ಶಿಫಾರಸು ಕೇಳಿದ. ಆ ಮನುಷ್ಯ ಎರಡು ವರ್ಷ ಮರೆತುಬಿಟ್ಟ. 17ರ ಹುಡುಗನಾಗಿ ಬಂದವನು ಫರೋಹನ ಮುಂದೆ ನಿಂತಾಗ 30 ವರ್ಷ. ನಿಮ್ಮ ಅರ್ಜಿಯೂ ಮೊದಲ ಸಲಕ್ಕೆ ಕದಲದೆ ಇರಬಹುದು. ಮತ್ತೆ ಹೋಗಿ.

ಎಲ್ಲಿಗೆ ಹೋಗಬೇಕು? ಕುವೈತಿನಲ್ಲಿ ಸಂಬಳದ ದೂರು ಕೊಡುವುದು ಕಾರ್ಮಿಕ ಇಲಾಖೆಯಲ್ಲಿ, ನಮ್ಮವರು "ಶೂನ್" ಅನ್ನುತ್ತಾರೆ. ದೂರಿನ ನಂಬರ್ ಕೇಳಿ ಪಡೆಯಿರಿ. ಭಾರತೀಯ ರಾಯಭಾರ ಕಚೇರಿಗೆ ಬರವಣಿಗೆಯಲ್ಲಿ ಕೊಡಿ. ನಮ್ಮ ವಿದೇಶಾಂಗ ಇಲಾಖೆಯ "ಮದದ್" ಪೋರ್ಟಲ್‌ನಲ್ಲಿ ನೀವೂ ದೂರು ಹಾಕಬಹುದು, ಊರಿನಿಂದ ಮನೆಯವರೂ ಹಾಕಬಹುದು. ಇಂಥ ಕಷ್ಟಕ್ಕಾಗಿಯೇ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ. ತಂಗಲು ಜಾಗ, ಟಿಕೆಟ್, ತುರ್ತು ಚಿಕಿತ್ಸೆಗೆ ಅದರಿಂದ ನೆರವು ಕೊಡುತ್ತಾರೆ. ಯುಎಇಯಲ್ಲಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಪಾಸ್‌ಪೋರ್ಟ್, ಕಾಂಟ್ರ್ಯಾಕ್ಟ್, ಇಕಾಮಾದ ಫೋಟೋ ತೆಗೆದು ಮನೆಗೆ ಕಳಿಸಿಟ್ಟಿರಿ. ನಾನು ಇಟ್ಟಿರಲಿಲ್ಲ, ಅದಕ್ಕೇ ಮೂರು ವಾರ ಅಲೆದೆ.

2018ರ ಜನವರಿ ಕೊನೆಯಲ್ಲಿ ಕುವೈತ್ ಸರ್ಕಾರ ಕ್ಷಮಾದಾನ ಪ್ರಕಟಿಸಿತು. ಇಕಾಮಾ ಮುಗಿದವರು ದಂಡವಿಲ್ಲದೆ ಊರಿಗೆ ಹೋಗಬಹುದು, ಬೇಕಿದ್ದರೆ ಹೊಸ ವೀಸಾದಲ್ಲಿ ವಾಪಸ್ ಬರಬಹುದು. ಮಾರ್ಚ್‌ನಲ್ಲಿ ನಾನು ಊರು ಸೇರಿದೆ. ಅಪ್ಪನ ಸಮಾಧಿಯ ಮೇಲೆ ಆಗಲೇ ಹುಲ್ಲು ಬೆಳೆದಿತ್ತು. ಅಲ್ಲಿ ನಿಂತಾಗ ಹಾಡು ಬಂತು, ಎರಡು ಸಾಲು. ಬಾಕಿ ಸಂಬಳ ಇವತ್ತಿಗೂ ಬಂದಿಲ್ಲ.

8. ಮನೆಗೆಲಸಕ್ಕೆ ಹೋಗುವ ಅಕ್ಕ ತಂಗಿಯರಿಗೆ

ನಿಮ್ಮ ಕಷ್ಟ ನಮ್ಮದಕ್ಕಿಂತ ಜಾಸ್ತಿ. ನಮಗೆ ರೂಮಿನಲ್ಲಿ ಐದು ಜನ ಇರುತ್ತಾರೆ, ನೀವು ಒಂದು ಮನೆಯೊಳಗೆ ಒಬ್ಬರೇ. ಎಷ್ಟೋ ಮನೆಯವರು ಶುಕ್ರವಾರವೂ ಹೊರಗೆ ಬಿಡುವುದಿಲ್ಲ.

ಸತ್ಯವೇದದಲ್ಲಿ ಅರಾಮ್ಯರ ಸೇನಾಪತಿ ನಾಮಾನನ ಮನೆಯಲ್ಲಿ ಒಬ್ಬ ಪುಟ್ಟ ಹುಡುಗಿ ಇದ್ದಳಲ್ಲ, ಇಸ್ರಾಯೇಲಿನಿಂದ ಸೆರೆಹಿಡಿದು ತಂದವಳು, ಒಡತಿಯ ಸೇವೆ ಮಾಡುತ್ತಿದ್ದವಳು. ಅವಳ ಹೆಸರೇ ಬರೆದಿಲ್ಲ. ಯಜಮಾನನಿಗೆ ಕುಷ್ಠ ಅಂತ ಕಂಡಾಗ ಕನಿಕರಪಟ್ಟು, ನಮ್ಮ ಸಮಾರ್ಯದ ಪ್ರವಾದಿಯ ಹತ್ತಿರ ಹೋದರೆ ವಾಸಿಯಾಗುತ್ತದೆ ಅಂದಳು. ಅವಳಿಗೆ ಆಲಯವಿಲ್ಲ, ಹಬ್ಬವಿಲ್ಲ, ತನ್ನವರಿಲ್ಲ. ಅಷ್ಟಿದ್ದರೂ ದೇವರ ನೆನಪು ಮತ್ತು ಕನಿಕರ ಎರಡನ್ನೂ ಉಳಿಸಿಕೊಂಡಿದ್ದಳು. ನನ್ನ ಲೆಕ್ಕದಲ್ಲಿ ಅವಳು ದಾನಿಯೇಲನಿಗಿಂತ ಒಂದು ಕೈ ಮೇಲು.

ಆದರೆ ಇದನ್ನು ಹೊಡೆತ ತಿಂದುಕೊಂಡು ಇರಿ ಅನ್ನುವುದಕ್ಕೆ ಯಾರೂ ಬಳಸಬಾರದು. ಕುವೈತಿನ 2015ರ ಮನೆಗೆಲಸದವರ ಕಾನೂನಿನಲ್ಲಿ ವಾರಕ್ಕೊಂದು ರಜೆ, ದಿನಕ್ಕೆ 12 ಗಂಟೆಯ ಮಿತಿ ಇದೆ. ಪಾಸ್‌ಪೋರ್ಟ್ ಯಜಮಾನ ಇಟ್ಟುಕೊಳ್ಳುವ ಹಾಗಿಲ್ಲ. ಮೈಮೇಲೆ ಕೈ ಮಾಡಿದರೆ, ಊಟ ಕೊಡದಿದ್ದರೆ ರಾಯಭಾರ ಕಚೇರಿಯ ಆಶ್ರಯಕ್ಕೆ ಹೋಗಿ. ಹೊರಡುವ ಮುಂಚೆಯೂ ನೆನಪಿಡಿ, ಗಲ್ಫ್ ಮನೆಗೆಲಸಕ್ಕೆ 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ನಮ್ಮ ಸರ್ಕಾರ ಅನುಮತಿ ಕೊಡುವುದಿಲ್ಲ. ವಯಸ್ಸು ತಿದ್ದಿ ಕಳಿಸುತ್ತೇನೆ ಅನ್ನುವ ಏಜೆಂಟನ್ನು ಮನೆ ಬಾಗಿಲಿಗೂ ಸೇರಿಸಬೇಡಿ.

9. ಹೊಸಬ ಬಂದಾಗ

2019ರಲ್ಲಿ ನಾನು ಎರಡನೇ ಸಲ ಹೋದೆ, ಬೇರೆ ಕಂಪನಿಗೆ. ನಮ್ಮ ರೂಮಿಗೆ ಕುಂದಾಪುರ ಕಡೆಯ ಒಬ್ಬ ಹುಡುಗ ಬಂದ. ಮೂರನೇ ರಾತ್ರಿ ಬಾತ್‌ರೂಮಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಅಳುತ್ತಿದ್ದ. ಗಲ್ಫ್‌ನಲ್ಲಿ ಬಾಳಿದವರಿಗೆ ಆ ನಲ್ಲಿಯ ಸದ್ದು ಏನು ಅಂತ ಗೊತ್ತು. ಹೊರಗೆ ಬಂದಾಗ ಏನೂ ಕೇಳಲಿಲ್ಲ. ಗಂಜಿ ಬಿಸಿ ಮಾಡಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟೆ. ಕೆಳಗಿನ ಮಂಚ ಅವನಿಗೆ ಬಿಟ್ಟು ನಾನು ಮೇಲಕ್ಕೆ ಹೋದೆ, ಲುಂಗಿಯನ್ನು ಅಲ್ಲೇ ಕಟ್ಟಿರಲಿ ಅಂದೆ. ಅವನು ನಮ್ಮ ಸಭೆಯವನಲ್ಲ, ಮರುದಿನ ಆ ಪರದೆಯೊಳಗೆ ಒಂದು ಸಣ್ಣ ಗಣಪತಿಯ ಫೋಟೋ ಇಟ್ಟುಕೊಂಡ. ಇಟ್ಟುಕೊಳ್ಳಲಿ. ಅವನ ಅಮ್ಮ ಹೇಳಿಕೊಟ್ಟದ್ದು ಅದು.

ನಿಮ್ಮ ಸಭೆಯವನೇ ಬಂದರೆ ಮೊದಲ ಶುಕ್ರವಾರ ಒಬ್ಬನೇ ಮಲಗಿರಲು ಬಿಡಬೇಡಿ, ಎಬ್ಬಿಸಿ ಕರೆದುಕೊಂಡು ಹೋಗಿ. ಬಸ್ಸಿಗೆ ಚಿಲ್ಲರೆ ನೀವೇ ಹಿಡಿದುಕೊಳ್ಳಿ, ಅವನಿಗೆ ಇನ್ನೂ ಮೊದಲ ಸಂಬಳ ಬಂದಿರುವುದಿಲ್ಲ.